ಜೈಲಿನಿಂದ ಸೇವೆಗೆ ಬರುವವರು: ಕಳಿಸುವವರಿಗೂ ಕರೆಸಿಕೊಳ್ಳುವವರಿಗೂ ಒಂದು ಬಹಿರಂಗ ಪತ್ರ

ಜೈಲುಗಳ ಅಧೀಕ್ಷಕರಿಗೆ ಹಾಗೂ ಸೇವಾ ಸಂಸ್ಥೆಗಳ ಪದಾಧಿಕಾರಿಗಳಿಗೆ,

ಮಾನ್ಯರೇ,

ಶಿಕ್ಷೆ ಅನುಭವಿಸುತ್ತಿರುವವರು ಬೆಳಿಗ್ಗೆ ಹೊರಗೆ ಬಂದು, ಸೇವಾ ಸಂಸ್ಥೆಯೊಂದರಲ್ಲಿ ದುಡಿದು, ಸಂಜೆ ಜೈಲಿಗೆ ಮರಳುವ ಏರ್ಪಾಡು ಎಷ್ಟೋ ದೇಶಗಳಲ್ಲಿದೆ. ಗೋಡೆಯೊಳಗೇ ಕೂತು ಸೇವಾ ಸಂಸ್ಥೆಗಳಿಗೆ ಕೆಲಸ ಮಾಡಿಕೊಡುವ ಏರ್ಪಾಡೂ ಇದೆ. ಕಳಿಸುವವರು ಜೈಲಿನವರು, ಕರೆಸಿಕೊಳ್ಳುವವರು ಸಂಸ್ಥೆಯವರು. ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಏರ್ಪಾಡು ಮುರಿದುಬಿದ್ದಾಗ ಜೈಲಿನವರು ಸಂಸ್ಥೆಯನ್ನು ದೂರುತ್ತಾರೆ, ಸಂಸ್ಥೆಯವರು ಜೈಲನ್ನು ದೂರುತ್ತಾರೆ. ನಡುವೆ ಸಿಕ್ಕಿಕೊಂಡವರ ಕಡತದಲ್ಲಿ ಮಾತ್ರ ‘ಷರತ್ತು ಉಲ್ಲಂಘನೆ’ ಎಂದು ಬರೆದು ಮುಗಿಸಲಾಗುತ್ತದೆ.

ನಾವು ಕೇಳುವುದು ಇಷ್ಟು: ಇದನ್ನು ಉಪಕಾರವೆಂದು ನಡೆಸಬೇಡಿ, ನೌಕರಿಯಂತೆ ನಡೆಸಿ. ಉಪಕಾರಕ್ಕೆ ಹಾಜರಿ ಪುಸ್ತಕ ಬೇಕಿಲ್ಲ, ರಜೆಯ ಪಟ್ಟಿ ಬೇಕಿಲ್ಲ, ಮೇಲ್ವಿಚಾರಕರು ರಜೆ ಹಾಕಿದರೆ ಯಾರು ನೋಡಿಕೊಳ್ಳಬೇಕು ಎಂಬ ಯೋಚನೆಯೂ ಬೇಕಿಲ್ಲ. ನೌಕರಿಗೆ ಅವೆಲ್ಲ ಬೇಕು. ಯಾರೋ ಓಡಿಹೋದರು, ಏನೋ ಕದ್ದರು ಎಂಬ ಭಯದಲ್ಲೇ ಎಲ್ಲ ಸಭೆಗಳೂ ಮುಗಿಯುತ್ತವೆ. ಆಮೇಲೆ ಕೆಲಸ ಕೆಡುವುದು ಬಸ್ಸು ತಡವಾದದ್ದಕ್ಕೆ, ಮಧ್ಯಾಹ್ನದ ಊಟ ಎಲ್ಲಿ ಎಂದು ಯಾರೂ ಬರೆದಿಡದ್ದಕ್ಕೆ, ಹೇಳದೆ ಕೇಳದೆ ಸಂಸ್ಥೆಯ ಅಂಗಡಿ ಬೇಗ ಮುಚ್ಚಿದ್ದಕ್ಕೆ.

ಕಾಗದದ ಮೇಲೆ ಬೇಕಾದದ್ದೆಲ್ಲ ಆಗಲೇ ಇದೆ. ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಬಂದಿಗಳನ್ನು ನಡೆಸಿಕೊಳ್ಳುವ ರೀತಿಯ ಕುರಿತ ನೆಲ್ಸನ್ ಮಂಡೇಲಾ ನಿಯಮಗಳು ಒಟ್ಟು 122. ಶಿಕ್ಷೆ ಮುಗಿಯುವ ಮುನ್ನ ವ್ಯಕ್ತಿ ಹಂತಹಂತವಾಗಿ ಸಮಾಜಕ್ಕೆ ಮರಳುವಂತೆ ನೋಡಿಕೊಳ್ಳಬೇಕೆಂದು 87ನೆಯ ನಿಯಮ ಹೇಳುತ್ತದೆ. ಬಿಡುಗಡೆಯ ನಂತರ ಪ್ರಾಮಾಣಿಕವಾಗಿ ದುಡಿದು ಬದುಕುವ ಸಾಮರ್ಥ್ಯವನ್ನು ಉಳಿಸುವ, ಸಾಧ್ಯವಾದರೆ ಹೆಚ್ಚಿಸುವ ಕೆಲಸವನ್ನೇ ಕೊಡಬೇಕೆಂಬುದು 98ನೆಯದು. ಜೈಲಿನೊಳಗಿನ ಕೆಲಸದ ರೀತಿ ಹೊರಗಿನ ಅದೇ ಕೆಲಸದ ರೀತಿಗೆ ಆದಷ್ಟು ಹತ್ತಿರವಿರಬೇಕು, ಲಾಭಕ್ಕಾಗಿ ಬಂದಿಗಳ ಹಿತವನ್ನು ಬಲಿಕೊಡಬಾರದು ಎಂಬುದು 99ನೆಯದು. ಕೆಲಸದಲ್ಲಿ ಪೆಟ್ಟಾದರೆ ಹೊರಗಿನ ಕೆಲಸಗಾರರಿಗೆ ಸಿಗುವುದಕ್ಕಿಂತ ಕಡಿಮೆಯಿಲ್ಲದ ಪರಿಹಾರ (101), ವಾರಕ್ಕೊಂದು ಬಿಡುವಿನ ದಿನ (102), ನ್ಯಾಯವಾದ ಸಂಭಾವನೆ ಮತ್ತು ಅದರಲ್ಲಿ ಒಂದು ಭಾಗ ಬಿಡುಗಡೆಯ ದಿನ ಕೈಗೆ ಸಿಗುವ ಉಳಿತಾಯ (103) ಕೂಡ ಅಲ್ಲೇ ಇವೆ. ಸಂಸ್ಥೆಯವರು ಈ ನಿಯಮಗಳನ್ನು ಓದಿರುವುದು ಕಡಿಮೆ. ಜೈಲಿನವರು ಓದಿರುತ್ತಾರೆ, ಆದರೆ ಒಪ್ಪಂದ ಬರೆಯುವಾಗ ಅವು ಮೇಜಿನ ಮೇಲೆ ಇರುವುದಿಲ್ಲ.

ಮೊದಲ ತೊಡಕು ‘ಸ್ವಯಂಸೇವೆ’ಯಲ್ಲೇ ಇದೆ. ಬೀಗದ ಒಳಗಿರುವವರು ಒಪ್ಪಿಕೊಂಡರೆ ಅದು ಎಷ್ಟರ ಮಟ್ಟಿಗೆ ಸ್ವಂತ ಇಚ್ಛೆ? 1930ರ ಬಲವಂತದ ದುಡಿಮೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 29ನೆಯ ಒಡಂಬಡಿಕೆ ನ್ಯಾಯಾಲಯದ ತೀರ್ಪಿನ ಮೇರೆಗೆ ಮಾಡಿಸುವ ಕೆಲಸಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ಎರಡು ಷರತ್ತು ಹಾಕಿ. ಕೆಲಸ ಸರ್ಕಾರಿ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಆ ವ್ಯಕ್ತಿಯನ್ನು ಖಾಸಗಿ ವ್ಯಕ್ತಿಗಳಿಗೋ ಕಂಪನಿಗಳಿಗೋ ಸಂಘಗಳಿಗೋ ಒಪ್ಪಿಸುವಂತಿಲ್ಲ. ಸೇವಾ ಸಂಸ್ಥೆಯೂ ಖಾಸಗಿ ಸಂಘವೇ. ಆದ್ದರಿಂದ ಅಲ್ಲಿ ಮಾಡುವ ಕೆಲಸ ನಿಜವಾದ ಒಪ್ಪಿಗೆಯ ಮೇಲೆಯೇ ನಿಲ್ಲಬೇಕು. ಒಪ್ಪಿಗೆ ಪತ್ರದಲ್ಲಿ ಒಂದು ವಾಕ್ಯ ಕಡ್ಡಾಯವಾಗಿ ಇರಲಿ: ಬೇಡ ಎಂದರೂ, ನಡುವೆ ಬಿಟ್ಟರೂ, ಆ ಕಾರಣಕ್ಕೆ ಸನ್ನಡತೆಯ ಅಂಕವಾಗಲಿ ಬಿಡುಗಡೆಯ ಪರಿಶೀಲನೆಯಾಗಲಿ ಕೆಡುವುದಿಲ್ಲ. ಆ ವಾಕ್ಯವನ್ನು ಓದಲು ಬಾರದವರಿಗೆ ಓದಿ ಹೇಳಬೇಕು. ಓದಿ ಹೇಳುವವರು ಅವರ ಬ್ಯಾರಕ್‌ನ ಉಸ್ತುವಾರಿ ಅಧಿಕಾರಿಯಾಗಿರಬಾರದು, ಏಕೆಂದರೆ ಆ ಅಧಿಕಾರಿಯ ಎದುರು ಇಲ್ಲ ಎನ್ನುವುದು ಸುಲಭವಲ್ಲ. ವಿಚಾರಣೆ ಮುಗಿಯದವರ ವಿಷಯವೇ ಬೇರೆ: ಅವರಿಗೆ ಕೆಲಸದ ಅವಕಾಶ ಕೊಡಬೇಕು, ಆದರೆ ಕಡ್ಡಾಯ ಮಾಡುವಂತಿಲ್ಲ (ಮಂಡೇಲಾ ನಿಯಮಗಳಲ್ಲಿ 116ನೆಯದು).

ಇನ್ನು ಪರವಾನಗಿ ಚೀಟಿ. ಹಗಲು ಹೊರಗೆ ಬಿಡುವಾಗ ಜೈಲು ಕೊಡುವ ಈ ಒಂದು ಹಾಳೆಯ ಮೇಲೆ ಇಡೀ ಏರ್ಪಾಡು ನಿಂತಿದೆ. ಸಾಮಾನ್ಯವಾಗಿ ಅದರಲ್ಲಿ ಹೋಗುವ ಜಾಗದ ವಿಳಾಸ, ಹೊರಡುವ ಸಮಯ, ಮರಳುವ ಸಮಯ ಇರುತ್ತವೆ. ಇಷ್ಟಕ್ಕೆ ಬಿಟ್ಟರೆ ಮೊದಲ ವಾರವೇ ತೊಂದರೆ. ಯಾವ ಬಸ್ಸು ಅಥವಾ ರೈಲು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಎಲ್ಲಿಂದ ಎಲ್ಲಿಗೆ ನಡೆಯಬೇಕು ಎಂದು ದಾರಿಯನ್ನೂ ಬರೆಯಿರಿ. ಮರಳುವುದಕ್ಕೆ ಕೊನೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಕೊನೆಯದು ತಪ್ಪಿದರೆ ಇನ್ನೊಂದಿಲ್ಲ. ಊಟದ ಬಿಡುವಿನಲ್ಲಿ ಕಟ್ಟಡದ ಹೊರಗೆ ಹೋಗಬಹುದೇ, ಹೋದರೆ ಎಲ್ಲಿಯವರೆಗೆ ಎಂಬುದೂ ಬರಲಿ. ಜೈಲು ಬುತ್ತಿ ಕೊಟ್ಟು ಕಳಿಸುತ್ತದೆಯೋ, ಸಂಸ್ಥೆ ಊಟ ಹಾಕುತ್ತದೆಯೋ ಎಂಬುದು ಚಿಲ್ಲರೆ ವಿಷಯವಾಗಿ ಕಾಣುತ್ತದೆ. ಆದರೆ ಕೈಯಲ್ಲಿ ದುಡ್ಡಿಲ್ಲದ, ಗೇಟು ದಾಟಿದರೆ ಷರತ್ತು ಮುರಿಯಬಹುದಾದ ವ್ಯಕ್ತಿ ಮಧ್ಯಾಹ್ನ ಹಸಿದು ಕೂತರೆ ಎರಡನೆಯ ವಾರ ಬರುವುದಿಲ್ಲ.

ಸಂಸ್ಥೆಯವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ‘ಸ್ವಲ್ಪ ಅಂಚೆ ಕಚೇರಿಗೆ ಹೋಗಿ ಬನ್ನಿ’, ‘ಪಕ್ಕದ ಬೀದಿಯಲ್ಲಿ ಈ ಪೆಟ್ಟಿಗೆ ಕೊಟ್ಟು ಬನ್ನಿ’ ಎಂದು ಎಲ್ಲ ಸ್ವಯಂಸೇವಕರಿಗೂ ಹೇಳುವ ಮಾತಿದೆಯಲ್ಲ, ಅದು ಇವರಿಗೆ ಹೇಳುವ ಮಾತಲ್ಲ. ಚೀಟಿಯಲ್ಲಿಲ್ಲದ ಜಾಗದಲ್ಲಿ ಇವರು ಸಿಕ್ಕರೆ ‘ಮ್ಯಾನೇಜರ್ ಕಳಿಸಿದರು’ ಎಂಬ ಸಮಜಾಯಿಷಿ ಆ ಹೊತ್ತಿಗೆ ನಡೆಯುವುದಿಲ್ಲ. ‘ಆಗುವುದಿಲ್ಲ’ ಎನ್ನಲೂ ಇವರು ಹಿಂಜರಿಯುತ್ತಾರೆ, ಹೇಳಿದರೆ ಉಳಿದವರಿಗೆ ಏಕೆಂದು ಗೊತ್ತಾಗಿಬಿಡುತ್ತದೆ. ಹೊರಗಿನ ಓಡಾಟದ ಕೆಲಸ ನಿಜಕ್ಕೂ ಬೇಕಿದ್ದರೆ ಮೊದಲೇ ಆ ಜಾಗಗಳ ಪಟ್ಟಿಯನ್ನು ಜೈಲಿಗೆ ಕಳಿಸಿ ಚೀಟಿಯಲ್ಲಿ ಸೇರಿಸಿಕೊಳ್ಳಿ.

ತಡವಾದಾಗ ಏನು ಮಾಡಬೇಕು ಎಂಬುದಕ್ಕೆ ಒಂದೇ ಕ್ರಮ ಸಾಕು: ಮರಳುವ ಸಮಯ ಮೀರುವ ಮುನ್ನ ಕರೆ ಹೋಗಬೇಕು, ಮೀರಿದ ಮೇಲಲ್ಲ. ಸಮಯಕ್ಕೆ ಮುಂಚೆ ಹೋದ ಕರೆ ತಡವಾದದ್ದರ ದಾಖಲೆಯಾಗುತ್ತದೆ. ಮೀರಿದ ಮೇಲೆ ಹೋದ ಕರೆ ತಪ್ಪಿಸಿಕೊಂಡವರ ಹುಡುಕಾಟ ಶುರುವಾದ ಮೇಲೆ ಬಂದ ಸಬೂಬಾಗುತ್ತದೆ. ಇದಕ್ಕೆ ಬೇಕಾದದ್ದು ಜೈಲಿನ ಮುಖ್ಯದ್ವಾರದ ಕರ್ತವ್ಯ ಕೊಠಡಿಯ ನಂಬರು. ಕಚೇರಿಯ ನಂಬರು ಕೊಟ್ಟು ಕೈತೊಳೆದುಕೊಳ್ಳಬೇಡಿ, ಸಂಜೆ ಅಲ್ಲಿ ಯಾರೂ ಎತ್ತುವುದಿಲ್ಲ. ಕರೆ ಮಾಡಲು ಆ ವ್ಯಕ್ತಿಯ ಬಳಿ ಫೋನ್ ಇದೆಯೇ? ಕೆಲವು ಕಡೆ ಹೊರಗೆ ಹೋಗುವಾಗ ಗೇಟಿನಲ್ಲಿ ಸಾದಾ ಫೋನೊಂದನ್ನು ಕೊಟ್ಟು, ಮರಳಿದಾಗ ವಾಪಸು ಪಡೆಯುತ್ತಾರೆ. ಅದಿಲ್ಲದ ಕಡೆ, ಹೊರಟ ಕೂಡಲೇ ‘ಇಷ್ಟು ಗಂಟೆಗೆ ಹೊರಟರು’ ಎಂದು ಸಂಸ್ಥೆಯೇ ತಿಳಿಸಬೇಕು.

ಸಂಸ್ಥೆಯಲ್ಲಿ ಹೆಸರಿಟ್ಟು ಇಬ್ಬರು ಮೇಲ್ವಿಚಾರಕರಿರಲಿ. ಒಬ್ಬರೇ ಇದ್ದರೆ ಅವರಿಗೆ ಜ್ವರ ಬಂದ ದಿನ ಬಾಗಿಲು ಮುಚ್ಚಿರುತ್ತದೆ. ಜೈಲಿನಿಂದ ಬಂದವರು ಮುಚ್ಚಿದ ಬಾಗಿಲ ಮುಂದೆ ಪಾದಚಾರಿ ದಾರಿಯಲ್ಲಿ ನಿಲ್ಲುತ್ತಾರೆ: ಚೀಟಿಯ ಪ್ರಕಾರ ಅಲ್ಲಿರಬೇಕು, ಆದರೆ ಅಲ್ಲಿ ಕೆಲಸವಿಲ್ಲ, ಬೇರೆಲ್ಲೂ ಹೋಗುವಂತಿಲ್ಲ. ಸಂಸ್ಥೆಯ ರಜೆಗಳ ಪಟ್ಟಿ ತಿಂಗಳ ಮೊದಲೇ ಜೈಲಿಗೆ ಹೋಗಬೇಕು. ಹಠಾತ್ತಾಗಿ ಮುಚ್ಚಬೇಕಾದರೆ ಕೆಲಸಕ್ಕೆ ಬಂದವರನ್ನು ಹೊರಗೆ ಕಳಿಸುವ ಮುನ್ನ ಜೈಲಿಗೆ ಕರೆ ಹೋಗಬೇಕು. ಹಾಜರಿ ಪುಸ್ತಕದಲ್ಲಿ ಬಂದ ಮತ್ತು ಹೋದ ಗಂಟೆ, ನಿಮಿಷ, ಮೇಲ್ವಿಚಾರಕರ ಸಹಿ ಅವತ್ತವತ್ತೇ ಬೀಳಲಿ. ವಾರದ ಕೊನೆಗೆ ಒಟ್ಟಿಗೆ ಎಲ್ಲ ದಿನಕ್ಕೂ ‘9ರಿಂದ 4’ ಎಂದು ತುಂಬಿದ ಹಾಳೆಯನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ, ನಂಬಬಾರದು ಕೂಡ.

ದಾನವಾಗಿ ಬಂದ ಬಟ್ಟೆಬರೆ, ಪುಸ್ತಕ, ಪಾತ್ರೆ ಮಾರಿ ಹಣ ಹೊಂದಿಸುವ ಅಂಗಡಿಗಳೇ ಇಂಥವರನ್ನು ಹೆಚ್ಚಾಗಿ ಕರೆಸಿಕೊಳ್ಳುತ್ತವೆ. ಅಲ್ಲಿನ ಹಿಂದಿನ ಕೋಣೆಯ ಕೆಲಸ ನೋಡಲು ಸುಲಭ: ಚೀಲ ಬಿಚ್ಚು, ವಿಂಗಡಿಸು, ಕೆಟ್ಟದ್ದನ್ನು ತೆಗೆ, ಹಬೆ ಹಾಕಿ ಸುಕ್ಕು ಬಿಡಿಸು, ಅಳತೆ ನೋಡಿ ಚೀಟಿ ಅಂಟಿಸು, ಹ್ಯಾಂಗರಿಗೆ ಹಾಕು. ತೊಂದರೆ ಇರುವುದು ಮೊದಲ ಹೆಜ್ಜೆಯಲ್ಲಿ. ದಾನದ ಚೀಲದೊಳಗೆ ಏನಿದೆ ಎಂದು ಕೊಟ್ಟವರಿಗೇ ಗೊತ್ತಿರುವುದಿಲ್ಲ. ಕೋಟಿನ ಒಳಜೇಬಿನಲ್ಲಿ ನೋಟು, ಕೈಚೀಲದ ಅರೆಯಲ್ಲಿ ಹಳೆಯ ಮೊಬೈಲ್, ಸತ್ತವರ ಮನೆಯಿಂದ ಬಂದ ಪೆಟ್ಟಿಗೆಯಲ್ಲಿ ಮಾತ್ರೆಗಳ ಸ್ಟ್ರಿಪ್, ಕ್ಷೌರದ ಬ್ಲೇಡು. ಬೇರೆಯವರಿಗೆ ಇದು ನಗೆಯ ವಿಷಯ. ಸಂಜೆ ಗೇಟಿನಲ್ಲಿ ತಪಾಸಣೆಗೆ ನಿಲ್ಲಬೇಕಾದವರಿಗೆ ಮರೆತು ಜೇಬಿಗೆ ಇಳಿಸಿದ ಒಂದು ಸಿಮ್ ಕಾರ್ಡ್ ಕೂಡ ಹೊಸ ಪ್ರಕರಣ. ಹಾಗಾಗಿ ಚೀಲ ಬಿಚ್ಚುವಾಗ ಯಾವಾಗಲೂ ಇಬ್ಬರಿರಬೇಕು, ಒಬ್ಬರು ಹೊರಗಿನ ಸ್ವಯಂಸೇವಕರಾಗಿರಬೇಕು. ಸಿಕ್ಕ ವಸ್ತು ಜೇಬಿಗಾಗಲಿ ಮೇಜಿನ ಮೂಲೆಗಾಗಲಿ ಹೋಗದೆ ನೇರ ಮುಚ್ಚಿದ ಡಬ್ಬಕ್ಕೆ ಬೀಳಬೇಕು. ಜೊತೆಗೆ ‘ಸಿಕ್ಕ ವಸ್ತುಗಳ ಪುಸ್ತಕ’ದಲ್ಲಿ ದಿನಾಂಕ, ವಸ್ತು, ಇಬ್ಬರ ಸಹಿ. ಚೂಪಾದ ವಸ್ತುಗಳಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬ ಬೇರೆ, ಕೈಗೆ ದಪ್ಪ ಕೈಗವಸು. ಜೇಬುಗಳನ್ನು ಮೊದಲು ಹೊರಗಿನಿಂದ ಒತ್ತಿ ನೋಡಬೇಕು, ಬೆರಳು ಹಾಕುವುದು ಆಮೇಲೆ.

ಅಂಗಡಿಗಳಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯಿದೆ: ಸ್ವಯಂಸೇವಕರಿಗೆ ಅಗ್ಗದಲ್ಲಿ ಏನಾದರೂ ಕೊಡುವುದು, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಸಣ್ಣ ಉಡುಗೊರೆ ಕೊಡುವುದು. ಪ್ರೀತಿಯಿಂದ ಕೊಟ್ಟ ಸ್ವೆಟರು ಗೇಟಿನಲ್ಲಿ ‘ಅನಧಿಕೃತ ವಸ್ತು’ವಾಗುತ್ತದೆ. ಬೇರೆಯವರ ಮುಂದೆ ಇವರನ್ನು ಬಿಟ್ಟುಬಿಡುವುದೂ ಚೆನ್ನಲ್ಲ. ಕೊಡಬೇಕೆನಿಸಿದರೆ ರಸೀದಿ ಬರೆದು ಅಂಗಡಿಯಲ್ಲೇ ತೆಗೆದಿಡಿ, ಬಿಡುಗಡೆಯಾದ ಮೇಲೆ ಬಂದು ತೆಗೆದುಕೊಳ್ಳಲಿ. ಗಲ್ಲಾಪೆಟ್ಟಿಗೆಯ ವಿಷಯಕ್ಕೆ ಬೇರೆ ಕಾನೂನು ಬೇಕಿಲ್ಲ. ದಿನದ ಕೊನೆಗೆ ಇಬ್ಬರು ಎಣಿಸಿ ಇಬ್ಬರು ಸಹಿ ಮಾಡುವ ಕ್ರಮ ಎಲ್ಲ ಸ್ವಯಂಸೇವಕರಿಗೂ ಒಂದೇ ಆಗಿದ್ದರೆ ಹಣ ಕಡಿಮೆ ಬಿದ್ದ ದಿನ ಅನುಮಾನ ತಾನಾಗಿಯೇ ಒಬ್ಬರತ್ತ ತಿರುಗುವುದಿಲ್ಲ.

ಯಾರಿಗೆ ಎಷ್ಟು ಹೇಳಬೇಕು? ಬರುವವರು ಶಿಕ್ಷೆಯಲ್ಲಿದ್ದಾರೆ ಎಂಬುದು ಇಬ್ಬರು ಮೇಲ್ವಿಚಾರಕರಿಗೆ ಗೊತ್ತಿರಬೇಕು. ಅಪರಾಧದ ವಿವರ ಕೆಲಸ ಹಂಚಲು ಬೇಕಾದಷ್ಟು ಮಾತ್ರ. ವಂಚನೆಯ ಪ್ರಕರಣವಿದ್ದವರಿಗೆ ಲೆಕ್ಕದ ಕೆಲಸ ಬೇಡ, ವಾಹನ ಅಪರಾಧವಿದ್ದವರಿಗೆ ವ್ಯಾನ್ ಓಡಿಸುವುದು ಬೇಡ, ಮಕ್ಕಳ ಮೇಲಿನ ಅಪರಾಧವಿದ್ದವರು ಮಕ್ಕಳು ಬರುವ ಜಾಗಕ್ಕೆ ಬರುವುದೇ ಬೇಡ. ಆದರೆ ಹೀಗೆ ಕೆಲಸಕ್ಕೂ ಪ್ರಕರಣಕ್ಕೂ ತಾಳೆ ಹಾಕುವ ಬದಲು ‘ಇಂಥ ಕಲಂ ಇದ್ದವರು ಯಾರೂ ಬೇಡ’ ಎಂದು ಒಟ್ಟಾರೆ ಬಾಗಿಲು ಹಾಕುವ ಸಂಸ್ಥೆಗಳು ತಮ್ಮ ಭಯವನ್ನೇ ನೀತಿ ಎಂದು ಬರೆದಿಟ್ಟುಕೊಂಡಿವೆ ಅಷ್ಟೆ. ಉಳಿದ ಸ್ವಯಂಸೇವಕರಿಗೆ ಹೇಳಬೇಕೋ ಬೇಡವೋ ಎಂಬುದು ಬಂದವರಿಗೇ ಬಿಟ್ಟದ್ದು. ‘ಎಲ್ಲಿ ಇರುವುದು?’ ಎಂಬ ಪ್ರಶ್ನೆ ಮೊದಲ ದಿನದ ಚಹಾ ಹೊತ್ತಿಗೇ ಬರುತ್ತದೆ. ಅದಕ್ಕೆ ಏನು ಉತ್ತರ ಕೊಡಬೇಕೆಂದು ಬರುವ ಮುನ್ನವೇ ಮೇಲ್ವಿಚಾರಕರು ಅವರೊಡನೆ ಮಾತಾಡಿಕೊಂಡಿರಲಿ. ಸುಳ್ಳು ಕಟ್ಟುವುದು ಬೇಡ. ‘ಸ್ವಲ್ಪ ದೂರದಿಂದ ಬರುತ್ತೇನೆ’ ಸಾಕು.

ಫೋಟೋ ಹಾಕಬೇಡಿ. ಸಂಸ್ಥೆಯ ಪುಟದಲ್ಲಿ ಬದಲಾದ ಬದುಕಿನ ಕಥೆ ಚೆನ್ನಾಗಿ ಕಾಣುತ್ತದೆ, ದಾನವೂ ಬರಬಹುದು. ಅದೇ ಚಿತ್ರವನ್ನು ಆ ಅಪರಾಧದಿಂದ ನೊಂದ ಮನೆಯವರೂ ನೋಡುತ್ತಾರೆ. ಜೈಲಿನವರು ಸ್ಥಳ ಆಯ್ಕೆ ಮಾಡುವಾಗಲೇ ನೊಂದವರು ಎಲ್ಲಿ ವಾಸಿಸುತ್ತಾರೆ, ಎಲ್ಲಿ ಕೆಲಸ ಮಾಡುತ್ತಾರೆ ಎಂದು ಪರಿಶೀಲಿಸಿ ಆ ಪ್ರದೇಶವನ್ನು ಬಿಟ್ಟುಬಿಡಬೇಕು. ದಾರಿಯಲ್ಲಿ ಬಸ್ಸು ಆ ಪ್ರದೇಶದ ಮೂಲಕ ಹಾದುಹೋಗುತ್ತದೆಯೇ ಎಂಬುದನ್ನು ನೋಡಲು ಹೆಚ್ಚಿನವರು ಮರೆಯುತ್ತಾರೆ.

ವಿಮೆಯ ಬಗ್ಗೆ ಒಂದು ಮಾತು. ‘ಸ್ವಯಂಸೇವಕರೆಲ್ಲ ನಮ್ಮ ಪಾಲಿಸಿಯಲ್ಲಿದ್ದಾರೆ’ ಎಂದು ನಂಬಿ ಕೂರಬೇಡಿ. ಶಿಕ್ಷೆಯಲ್ಲಿರುವವರು ಬರುತ್ತಾರೆ ಎಂದು ವಿಮಾ ಕಂಪನಿಗೆ ಬರೆದು ತಿಳಿಸಿ, ಬರಹದಲ್ಲೇ ಉತ್ತರ ಪಡೆಯಿರಿ. ತಿಳಿಸದಿದ್ದರೆ, ಮುಖ್ಯ ಸಂಗತಿ ಮುಚ್ಚಿಟ್ಟಿರಿ ಎಂದು ಅಪಘಾತದ ನಂತರ ಪರಿಹಾರ ನಿರಾಕರಿಸಲು ಅವರಿಗೆ ಕಾರಣ ಸಿಗುತ್ತದೆ.

ಈಗ ದುಡ್ಡು. ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳಬೇಕಾದ ಕೆಲಸವನ್ನು ಜೈಲಿನಿಂದ ಬರುವವರ ಕೈಲಿ ಬಿಟ್ಟಿ ಮಾಡಿಸಿದರೆ ಅದನ್ನು ಸೇವೆ ಎನ್ನುವುದು ಹೇಗೆ? ಇವರು ಬಂದ ಮೇಲೆ ಸಂಬಳದ ಹುದ್ದೆಯೊಂದು ಖಾಲಿಯೇ ಉಳಿದಿದ್ದರೆ ಜೈಲಿನವರು ಆ ಸಂಸ್ಥೆಯನ್ನು ಪ್ರಶ್ನಿಸಬೇಕು. ಸೇವೆಗೆ ಒಂದು ಅವಧಿ ಇರಲಿ, ಮೂರು ತಿಂಗಳೋ ಆರು ತಿಂಗಳೋ. ಆಮೇಲೆ ಸಂಬಳದ ಕೆಲಸಕ್ಕೆ ದಾಟಿಸುವ ಯೋಚನೆ ಜೈಲಿನದಾಗಿರಲಿ. ಜೈಲಿನ ಕಾರ್ಯಾಗಾರದಲ್ಲಿ ಸಿಗುತ್ತಿದ್ದ ಕೂಲಿ ಸೇವೆಗೆ ಹೊರಟ ದಿನ ನಿಂತುಹೋಗುತ್ತದೆಯೇ ಎಂಬುದನ್ನು ಅಧೀಕ್ಷಕರು ಈಗಲೇ ನೋಡಲಿ. ನಿಂತುಹೋದರೆ ಮನೆಗೆ ಕಳಿಸುವ ಹಣವೂ ಫೋನ್ ಖರ್ಚೂ ನಿಂತವು, ಹಾಗಾಗಿ ಬಡವರು ಮೊದಲು ಹಿಂದೆ ಸರಿಯುತ್ತಾರೆ, ಅನುಕೂಲಸ್ಥರೇ ಉಳಿಯುತ್ತಾರೆ. ಪ್ರಯಾಣದ ಖರ್ಚು ಅವರ ತಲೆಗೆ ಬೀಳಲೇಬಾರದು. ಸಂಬಳದ ಕೆಲಸಕ್ಕೆ ದಾಟಿದವರ ವಿಷಯದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಕಾಯ್ದೆಯೊಂದಿದೆ, 2011ರಲ್ಲಿ ಜಾರಿಗೆ ಬಂತು. ಹೊರಗೆ ದುಡಿಯುವ ಬಂದಿಯ ವಾರದ ನಿವ್ವಳ ಗಳಿಕೆ 20 ಪೌಂಡ್ ದಾಟಿದರೆ, ದಾಟಿದ ಮೊತ್ತದ ಮೇಲೆ ಶೇ 40ರವರೆಗೆ ಕಡಿತ ಮಾಡಿ ಅಪರಾಧದಿಂದ ನೊಂದವರ ಸಹಾಯಕ್ಕೆ ಬಳಸಬಹುದು. ಕಡಿತ ಸರಿಯೋ ಹೆಚ್ಚೋ ಎಂಬ ವಾದ ಇರಲಿ. ಎಷ್ಟು ಕಡಿತ, ಯಾಕೆ ಎಂಬುದು ಕೆಲಸಕ್ಕೆ ಸೇರುವ ಮುನ್ನವೇ ಗೊತ್ತಿರುತ್ತದೆ, ಅದು ಮುಖ್ಯ.

ಹೊರಗೆ ಹೋಗುವ ಅರ್ಹತೆ ಇಲ್ಲದವರು ಬಹಳ ಮಂದಿ. ಅವರಿಗೆ ಗೋಡೆಯೊಳಗಿನ ಕೆಲಸವೇ ದಾರಿ, ಅದರಲ್ಲಿ ನಮಗೆ ಬಹಳ ಇಷ್ಟವಾದದ್ದು ಗಾಲಿಕುರ್ಚಿ ದುರಸ್ತಿ. ಸೇವಾ ಸಂಸ್ಥೆ ಹಳೆಯ ಗಾಲಿಕುರ್ಚಿಗಳನ್ನು ಒಟ್ಟುಮಾಡಿ ಒಳಗೆ ಕಳಿಸುತ್ತದೆ, ಸರಿಯಾದವು ಬೇಕಿದ್ದವರಿಗೆ ಹೋಗುತ್ತವೆ. ಹಳೆಯ ಕುರ್ಚಿಯಲ್ಲಿ ಮೊದಲು ನೋಡಬೇಕಾದದ್ದು ಮುಂದಿನ ಸಣ್ಣ ಗಾಲಿಗಳ ಅಚ್ಚು. ಅಲ್ಲಿ ಕೂದಲು, ದಾರ, ಕಂಬಳಿಯ ನೂಲು ಸುತ್ತಿಕೊಂಡು ಗಂಟು ಕಟ್ಟಿರುತ್ತವೆ. ಬೇರಿಂಗ್ ಹೋಗಿದೆ ಎಂದು ಎಸೆಯುವ ಗಾಲಿಗಳಲ್ಲಿ ಕೆಲವಕ್ಕೆ ಆ ಗಂಟನ್ನು ಕತ್ತರಿಸಿ ತೆಗೆದರೆ ಸಾಕು. ಆಮೇಲೆ ನಿಲುಗಡೆಯ ಬ್ರೇಕು. ಅದು ಟೈರಿನ ಮೇಲ್ಮೈಯನ್ನೇ ಒತ್ತಿ ಹಿಡಿಯುತ್ತದೆ, ಹಾಗಾಗಿ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಬ್ರೇಕು ಎಷ್ಟು ಬಿಗಿಯಿದ್ದರೂ ಹಿಡಿಯುವುದಿಲ್ಲ. ಮೊದಲು ಗಾಳಿ, ಆಮೇಲೆ ಬ್ರೇಕು; ಈ ಕ್ರಮ ತಪ್ಪಿದರೆ ಎರಡು ಸಲ ಮಾಡಬೇಕು. ಗಾಳಿಯ ಟೈರು ತೆಗೆದು ಗಟ್ಟಿ ಟೈರು ಹಾಕಿದಾಗಲೂ ದಪ್ಪ ಬದಲಾಗಿರುತ್ತದೆ, ಬ್ರೇಕನ್ನು ಮತ್ತೆ ಹೊಂದಿಸಲೇಬೇಕು. ಮಡಚುವ ಕುರ್ಚಿಯ ಅಡಿಯಲ್ಲಿ ಅಡ್ಡಡ್ಡ ಹಾದುಹೋಗುವ ಎರಡು ಸರಳುಗಳು ಸೇರುವ ಕಡೆ ಬಣ್ಣ ಬಿರಿದಿದ್ದರೆ ಒರೆಸಿ ನೋಡಿ. ಲೋಹವೇ ಬಿರಿದಿದ್ದರೆ ಆ ಕುರ್ಚಿ ಬಿಡಿಭಾಗಕ್ಕೆ, ದುರಸ್ತಿಗಲ್ಲ. ಕೊನೆಗೆ ಆಸನದ ಅಗಲ ಅಳೆದು ಚೀಟಿ ಕಟ್ಟಬೇಕು. ಕೂರುವವರನ್ನು ಒಳಗಿನವರು ನೋಡುವುದಿಲ್ಲ, ಅಳತೆಯ ಚೀಟಿ ಇಲ್ಲದ ಕುರ್ಚಿ ತಪ್ಪು ಮೈಗೆ ಹೋಗಿ ಹುಣ್ಣು ಮಾಡುತ್ತದೆ.

ಇಂಥ ಕಾರ್ಯಾಗಾರ ನಿಂತುಹೋಗುವುದು ಹತ್ಯಾರುಗಳ ಎಣಿಕೆಯಲ್ಲಿ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರ್, ಸ್ಕ್ರೂಡ್ರೈವರ್, ಅಲೆನ್ ಕೀಯ ಆಕಾರವನ್ನು ಬಣ್ಣದಲ್ಲಿ ಬರೆದಿಟ್ಟರೆ ಯಾವುದು ಕಾಣೆ ಎಂದು ಬಾಗಿಲಲ್ಲಿ ನಿಂತೇ ಗೊತ್ತಾಗುತ್ತದೆ. ತೆಗೆದುಕೊಂಡವರು ಆ ಜಾಗದಲ್ಲಿ ತಮ್ಮ ಸಂಖ್ಯೆಯ ಬಿಲ್ಲೆ ನೇತುಹಾಕಬೇಕು. ಎಣಿಕೆ ಊಟಕ್ಕೆ ಹೋಗುವ ಮುನ್ನ ಒಮ್ಮೆ, ಸಂಜೆ ಒಮ್ಮೆ. ಸಂಜೆ ಮಾತ್ರ ಎಣಿಸಿದರೆ ಮಧ್ಯಾಹ್ನ ಕಳೆದದ್ದನ್ನು ಹುಡುಕಲು ಇಡೀ ದಿನದ ಜಾಡು ಹಿಡಿಯಬೇಕು, ಸಿಗುವವರೆಗೆ ಎಲ್ಲರೂ ಬೀಗದೊಳಗೆ. ಟ್ಯೂಬಿಗೆ ತೇಪೆ ಹಾಕುವ ಸೊಲ್ಯೂಷನ್ ಅಮಲಿಗೆ ಬಳಕೆಯಾಗುವ ವಸ್ತು, ಅದನ್ನು ಸಿಬ್ಬಂದಿಯೇ ಕೈಯಾರೆ ಕೊಟ್ಟು ಅಲ್ಲೇ ವಾಪಸು ಪಡೆಯಲಿ, ಇಲ್ಲವೇ ಗಟ್ಟಿ ಟೈರಿಗೆ ಬದಲಾಯಿಸಿಬಿಡಲಿ.

ಅಂಧರಿಗಾಗಿ ಪುಸ್ತಕಗಳನ್ನು ಬ್ರೈಲ್‌ಗೆ ಇಳಿಸುವ ಕೆಲಸ ಅಮೆರಿಕದ ಜೈಲುಗಳಲ್ಲಿ ಬಹಳ ಕಾಲದಿಂದ ಇದೆ. ಆರು ಚುಕ್ಕೆಗಳ ಲಿಪಿ, ತಾಳ್ಮೆಯ ಕೆಲಸ, ಒಂದು ಚುಕ್ಕೆ ತಪ್ಪಿದರೆ ಬೇರೆ ಅಕ್ಷರ. ಇದರ ಬೆಲೆ ಇರುವುದು ಪ್ರಮಾಣಪತ್ರದಲ್ಲಿ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಕೊಡುವ ಅರ್ಹತೆಗೆ ಒಳಗಿನವರಿಗೂ ಹೊರಗಿನವರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಬಿಡುಗಡೆಯಾದ ಮೇಲೆ ಮನೆಯಲ್ಲಿ ಕೂತು ಅದೇ ಕೆಲಸ ಮುಂದುವರಿಸಬಹುದು. ಇದಕ್ಕೆ ವ್ಯತಿರಿಕ್ತ ಉದಾಹರಣೆ ಕ್ಯಾಲಿಫೋರ್ನಿಯಾದ್ದು. ಅಲ್ಲಿ ಬಂದಿಗಳು ಶಿಬಿರಗಳಲ್ಲಿದ್ದು ಕಾಡ್ಗಿಚ್ಚು ನಂದಿಸುತ್ತಾರೆ, ಕಷ್ಟದ, ಪ್ರಾಣಾಪಾಯದ ಕೆಲಸ. ಆದರೆ ಹೊರಬಂದ ಮೇಲೆ ಹಳೆಯ ಶಿಕ್ಷೆಯ ಕಾರಣಕ್ಕೆ, ಅಗ್ನಿಶಾಮಕ ಇಲಾಖೆಗಳು ಕೇಳುವ ತುರ್ತು ವೈದ್ಯಕೀಯ ತಂತ್ರಜ್ಞರ ಪರವಾನಗಿ ಅವರಿಗೆ ಸಿಗುವುದು ದುಸ್ತರವಾಗಿತ್ತು. ಶಿಬಿರದಲ್ಲಿ ದುಡಿದವರು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆ ಶಿಕ್ಷೆಯ ದಾಖಲೆಯಿಂದ ಬಿಡಿಸಿಕೊಳ್ಳಲು ದಾರಿ ಮಾಡಿದ ಕಾನೂನು ಬಂದದ್ದು 2020ರಲ್ಲಿ, ಅದೂ ಕೆಲವು ಗಂಭೀರ ಅಪರಾಧಗಳನ್ನು ಹೊರತುಪಡಿಸಿ. ತರಬೇತಿ ಶುರುಮಾಡುವ ದಿನವೇ ಕೇಳಬೇಕಾದ ಪ್ರಶ್ನೆ ಇದು: ಈ ವೃತ್ತಿಗೆ ಲೈಸೆನ್ಸ್ ಬೇಕೇ, ಶಿಕ್ಷೆಯಾದವರಿಗೆ ಅದನ್ನು ಕೊಡುತ್ತಾರೆಯೇ?

ಕೆಲವು ಸೇವೆ ಬಂದಿಗಳು ಬಂದಿಗಳಿಗೇ ಮಾಡುವಂಥದ್ದು. ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 1991ರಲ್ಲಿ ಸ್ವಾನ್ಸೀ ಜೈಲಿನಲ್ಲಿ ಆರಂಭಿಸಿದ ‘ಕೇಳುಗರ’ ಯೋಜನೆಯಲ್ಲಿ, ತರಬೇತಾದ ಬಂದಿಗಳು ಸಾಯುವ ಯೋಚನೆಯಲ್ಲಿರುವ ಸಹಬಂದಿಗಳ ಮಾತು ಕೇಳುತ್ತಾರೆ, ಕೇಳಿದ್ದನ್ನು ಗುಟ್ಟಾಗಿಡುತ್ತಾರೆ. ಅಲ್ಲಿನದೇ ಶ್ಯಾನನ್ ಟ್ರಸ್ಟ್ ಎಂಬ ಸೇವಾ ಸಂಸ್ಥೆಯ ಕ್ರಮದಲ್ಲಿ ಓದು ಬಲ್ಲವರು ಬಾರದವರಿಗೆ ಒಬ್ಬರಿಗೊಬ್ಬರಂತೆ ಕಲಿಸುತ್ತಾರೆ, ಪ್ರತಿ ಸಲ 20 ನಿಮಿಷದ ಸುಮಾರು. ಇವು ಕುಂಟುವುದು ಎಲ್ಲಿ ಎಂದರೆ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕರೆದೊಯ್ದ ಕೇಳುಗರನ್ನು ಬೆಳಿಗ್ಗೆ ಎಂದಿನಂತೆ ಕಾರ್ಯಾಗಾರಕ್ಕೆ ಅಟ್ಟುವಲ್ಲಿ, ಪಾಠದ 20 ನಿಮಿಷಕ್ಕೆ ಬಾಗಿಲು ತೆರೆಯಲು ವಾರ್ಡರ್ ಇಲ್ಲದಲ್ಲಿ. ರಾತ್ರಿ ಪಾಳಿ ಮಾಡಿದವರಿಗೆ ಬೆಳಿಗ್ಗೆ ನಿದ್ರೆ ಕೊಡಿ, ಕೂಲಿ ಕಡಿಯಬೇಡಿ. ಅದೂ ಕೆಲಸವೇ.

ಅಧೀಕ್ಷಕರಿಗೆ ಇನ್ನೊಂದು ಮನವಿ, ವರ್ಗಾವಣೆಯದು. ಎಂಟು ವಾರ ಕಲಿತವರನ್ನು ಒಂಬತ್ತನೆಯ ವಾರ ಬೇರೆ ಜೈಲಿಗೆ ಸಾಗಿಸಿದರೆ ಸಂಸ್ಥೆಗೆ ಸುದ್ದಿಯೂ ಇರುವುದಿಲ್ಲ, ಹೋದವರ ಬಳಿ ಕಾಗದವೂ ಇರುವುದಿಲ್ಲ. ತರಬೇತಿಯಲ್ಲಿರುವವರ ಕಡತದ ಮೇಲೆ ‘ಇಂಥ ದಿನಾಂಕದವರೆಗೆ ವರ್ಗಾವಣೆ ಬೇಡ’ ಎಂಬ ಗುರುತು ಹಾಕಿ. ಆಯ್ಕೆಯೂ ಕಾಲ ನೋಡಿಯೇ ಆಗಬೇಕು. 2009ರಲ್ಲಿ ಇಂಗ್ಲೆಂಡಿನ ಹೈ ಡೌನ್ ಜೈಲಿನಲ್ಲಿ ಮೊದಲ ರೆಸ್ಟೋರೆಂಟ್ ತೆರೆದ ಕ್ಲಿಂಕ್ ಸೇವಾ ಸಂಸ್ಥೆ ಬಿಡುಗಡೆ ಹತ್ತಿರವಾದವರನ್ನೇ ಆರಿಸಿ, ಅಡುಗೆ ಮತ್ತು ಬಡಿಸುವ ಕೆಲಸದಲ್ಲಿ ಅರ್ಹತೆ ಕೊಡಿಸಿ, ಬಿಡುಗಡೆಯ ನಂತರವೂ ಮಾರ್ಗದರ್ಶಕರನ್ನು ಜೊತೆಗಿಡುತ್ತದೆ. ಹತ್ತು ವರ್ಷ ಬಾಕಿ ಇರುವವರಿಗೂ ಕೆಲಸ ಬೇಕು, ಆದರೆ ಅವರಿಗೆ ಬ್ರೈಲ್‌ನಂಥ, ವರ್ಷಗಟ್ಟಲೆ ಕಲಿಯುವ ವಿದ್ಯೆ ಹೊಂದುತ್ತದೆ.

ಪ್ರಮಾಣಪತ್ರದಲ್ಲಿ ತರಬೇತಿ ಕೇಂದ್ರದ ಹೆಸರಿನ ಜಾಗದಲ್ಲಿ ಜೈಲಿನ ಹೆಸರು ಅಚ್ಚಾಗಬಾರದು. ಅಚ್ಚಾದರೆ ಅದನ್ನು ಯಾರೂ ಸಂದರ್ಶನಕ್ಕೆ ತೆಗೆದುಕೊಂಡು ಹೋಗುವುದಿಲ್ಲ. ಸಂಸ್ಥೆಯವರು ಕೊಡುವ ಶಿಫಾರಸು ಪತ್ರದಲ್ಲಿ ‘ಒಳ್ಳೆಯ ನಡತೆ, ಶುಭವಾಗಲಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಒಟ್ಟು ಎಷ್ಟು ಗಂಟೆ, ಯಾವ ಯಾವ ಕೆಲಸ, ಯಾವ ಯಂತ್ರ ಬಳಸಿದರು, ಸಮಯಪಾಲನೆ ಹೇಗಿತ್ತು ಎಂದು ಬರೆಯಿರಿ. ಸೇವೆಗೆ ಬಂದದ್ದು ಎಲ್ಲಿಂದ ಎಂದು ಬರೆಯುವ ಅಗತ್ಯವಿಲ್ಲ. ವಿಚಾರಿಸಲು ಕೊಡುವ ನಂಬರು ವ್ಯಕ್ತಿಯದ್ದಾಗಿರದೆ ಕಚೇರಿಯದ್ದಾಗಿರಲಿ, ಪತ್ರದ ಒಂದು ಪ್ರತಿ ಸಂಸ್ಥೆಯ ಕಡತದಲ್ಲಿರಲಿ. ಎರಡು ವರ್ಷದ ನಂತರ ಯಾರಾದರೂ ಕೇಳಿದಾಗ ಈಗಿನ ಮ್ಯಾನೇಜರ್ ಅಲ್ಲಿ ಇಲ್ಲದಿರಬಹುದು. ಆ ಪತ್ರ ಬಿಡುಗಡೆಯ ಮುನ್ನವೇ ಕೈ ಸೇರಬೇಕು, ಗುರುತಿನ ಚೀಟಿಯೂ ಬ್ಯಾಂಕ್ ಖಾತೆಯೂ ಅಷ್ಟರಲ್ಲೇ ಆಗಿರಬೇಕು. ಖಾತೆ ಇಲ್ಲದವರಿಗೆ ಮೊದಲ ತಿಂಗಳ ಸಂಬಳ ಹಾಕುವುದಕ್ಕೇ ಆಗುವುದಿಲ್ಲ.

ದೊಡ್ಡ ಯೋಜನೆಯಿಂದ ಶುರುಮಾಡಬೇಡಿ. ಒಬ್ಬರು, ವಾರಕ್ಕೆ ಒಂದು ದಿನ, ಎಂಟು ವಾರ. ನಾಲ್ಕನೆಯ ವಾರಕ್ಕೂ ಎಂಟನೆಯ ವಾರಕ್ಕೂ ಜೈಲಿನ ಅಧಿಕಾರಿ, ಸಂಸ್ಥೆಯ ಮೇಲ್ವಿಚಾರಕರು ಮತ್ತು ಆ ವ್ಯಕ್ತಿ ಮೂವರೂ ಒಟ್ಟಿಗೆ ಕೂತು ನೋಡಬೇಕಾದದ್ದು: ಎಷ್ಟು ಸಲ ತಡವಾಯಿತು ಮತ್ತು ಯಾರಿಂದ, ಚೀಟಿಯಲ್ಲಿ ಏನು ತಿದ್ದಬೇಕು, ಹೊಸದಾಗಿ ಯಾವ ಕೆಲಸ ಕಲಿತರು, ಮುಂದಿನ ತಿಂಗಳು ಇನ್ನೊಂದು ದಿನ ಸೇರಿಸಬಹುದೇ. ಎಂಟನೆಯ ವಾರದ ಸಭೆಯ ಟಿಪ್ಪಣಿಗೆ ಮೂವರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಇತಿ,
ಜೈಲುಗಳ ಜೊತೆಗೂ ಸೇವಾ ಸಂಸ್ಥೆಗಳ ಜೊತೆಗೂ ಕೆಲಸ ಮಾಡುವ ಕೆಲವರು